ಪಿಸ್ತಾಳ ಪಥ್ಯ

ಸೌದಿಯ ದಮಾಮಿನ ಕುದುರೆ ಲಾಯವೊಂದರಲ್ಲಿ ಬಹಳ ವರ್ಷ ದುಡಿದು ಸಿದ್ಧಕಟ್ಟೆಗೆ ಮರಳಿದ ಮಹಮ್ಮದ್ ಕುಂಞಿ ಬಟ್ಟೆ ಅಂಗಡಿ ಹಾಕುತ್ತಾನೆಂದು ಊರವರೆಲ್ಲ ಅಂದುಕೊಂಡಿದ್ದರು. ಅವನು ತಂದದ್ದು ಒಂದು ಬಿಳಿ ಹೆಣ್ಣು ಕುದುರೆಯನ್ನು.

"ಊರಿಗೆ ಬಂದ ಮೇಲೂ ಲದ್ದಿ ಬಾಚುವುದೇ ನಿಮ್ಮ ಹಣೆಯಲ್ಲಿ ಬರೆದದ್ದಾ?" ಎಂದು ಹೆಂಡತಿ ಬೀಯಮ್ಮ ಗದರಿದಳು. ವಾರ ಕಳೆಯುವುದರೊಳಗೆ ಅದಕ್ಕೆ ಪಿಸ್ತಾ ಎಂದು ಹೆಸರಿಟ್ಟವಳೂ ಅವಳೇ.

ಬಂಟ್ವಾಳದಿಂದ ಅಳದಂಗಡಿಯವರೆಗೆ ಅದೆಷ್ಟೋ ಮದುಮಕ್ಕಳು ಪಿಸ್ತಾಳ ಬೆನ್ನೇರಿ ಮೆರವಣಿಗೆ ಹೋದರು. ಕೆಲವರು ನಡುಗುತ್ತ ಅವಳ ಕುತ್ತಿಗೆಯನ್ನೇ ತಬ್ಬಿಕೊಂಡದ್ದೂ ಉಂಟು. ಪಿಸ್ತಾ ಮಾತ್ರ ಬ್ಯಾಂಡಿಗೂ ಪಟಾಕಿಗೂ ಹೆದರದೆ, ಕ್ಯಾಮೆರಾ ಕಂಡಲ್ಲಿ ನಿಂತುಬಿಡುತ್ತಿದ್ದಳು.

ಅಂಥವಳು ಈ ವರ್ಷ ಹುರುಳಿಯನ್ನು ಮೂಸಿ ಮುಖ ತಿರುಗಿಸಿದಳು. ಕಣ್ಣು, ಒಸಡು ಹಳದಿಯಾದವು. ಗುಲಾಬಿ ಮೂಗಿನ ಚರ್ಮ ಬಿಸಿಲಿಗೆ ಸುಲಿಯತೊಡಗಿತು. ಕುಂಞಿ ಕೂಡಲೇ ಫೋನು ಮಾಡಿದ. ಮೂಡುಬಿದಿರೆಯಿಂದ ಪಶುವೈದ್ಯೆ ವಿಸ್ಮಿತಾ ಬಂದು ರಕ್ತ ಪರೀಕ್ಷೆಗೆ ಕಳುಹಿಸಿದಳು; ವರದಿ ಬಂದ ಮೇಲೆ ಪಥ್ಯ ಹೇಳಿದಳು.

"ಲಿವರಿನ ತೊಂದರೆ ಕಾಕ. ಹುರುಳಿ, ಕಡಲೆ, ಹಿಂಡಿ ಎಲ್ಲ ನಿಲ್ಲಿಸಿ. ಎಣ್ಣೆಯ ಅಂಶ ಬೇಡವೇ ಬೇಡ. ಒಳ್ಳೆಯ ಒಣಹುಲ್ಲು, ನೆನೆಸಿದ ಜೋಳದ ನುಚ್ಚು ಸ್ವಲ್ಪ. ಒಮ್ಮೆಲೇ ಸುರಿಯಬೇಡಿ, ಆಗಾಗ ಚೂರುಚೂರೇ ಕೊಡಿ. ಬಿಸಿಲಿಗೆ ಬಿಡಬೇಡಿ."

ಅಂದಿನಿಂದ ಪಿಸ್ತಾ ನೀರಿನ ತೊಟ್ಟಿಗೆ ಹೋಗುವಾಗ ಬೀಯಮ್ಮ ಕೊಡೆ ಹಿಡಿದು ಜೊತೆಗೆ ನಡೆದಳು. ರಸ್ತೆಯಲ್ಲಿ ಬಸ್ಸು ನಿಧಾನಿಸಿತು. ಕಿಟಕಿಗಳಿಂದ ತಲೆಗಳು ಹೊರಬಂದವು. "ಮದುಮಗಳು ಹೊರಟಳಾ?" ಎಂದು ಯಾರೋ ಕೂಗಿದರು. ಬೀಯಮ್ಮ ಕೊಡೆಯನ್ನು ಇನ್ನೂ ಸ್ವಲ್ಪ ಪಿಸ್ತಾಳ ಕಡೆಗೆ ವಾಲಿಸಿದಳು.

ಕಾಯಿಲೆಯ ಸುದ್ದಿ ಹಬ್ಬಿತು. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವವರು ಯಾರು? ಪಕ್ಕದ ಮನೆಯ ಧರ್ಣಪ್ಪ ನೆಲನೆಲ್ಲಿಯ ಕಷಾಯ ತಂದ. ಮುಂಡಾಜೆಯಿಂದ ವಸಂತ ಹೊಸ ಹೆಂಡತಿಯೊಂದಿಗೆ ಬಂದು ಲಾಡಿನ ಪೊಟ್ಟಣ ಇಟ್ಟ.

"ನಮ್ಮ ಮದುವೆಗೆ ದುಡಿದವಳಲ್ಲವಾ ಕಾಕ. ತುಪ್ಪದ್ದೇ ತಂದಿದ್ದೇನೆ."

ಬೇಡ ಎಂದರೆ ನೊಂದುಕೊಂಡಾರು. "ಈಗ ಅವಳಿಗೆ ನಿದ್ರೆ ಮಾರಾಯ, ಎದ್ದ ಮೇಲೆ ಕೊಡ್ತೇನೆ" ಎಂದ ಕುಂಞಿ. ಪಿಸ್ತಾ ಬೇಲಿಯಾಚೆ ಕಣ್ಣರಳಿಸಿ ನಿಂತೇ ಇದ್ದಳು.

ಅವರು ಹೋದ ಮೇಲೆ ಲಾಡನ್ನು ಏನು ಮಾಡುವುದು? ಬಿಸಾಡಿದರೆ ಪಾಪ. ಕುಂಞಿ ಒಂದನ್ನು ಬಾಯಿಗೆ ಹಾಕಿಕೊಂಡ, ಇನ್ನೊಂದನ್ನು ಕಿಸೆಗೆ. ಮರುದಿನ ಯಾರೋ ಹುರಿಗಡಲೆ ತಂದರು, ಆಮೇಲೆ ಹಲ್ವ, ಆಮೇಲೆ ಬಾಳೆಹಣ್ಣಿನ ಗೊನೆ. ಎಲ್ಲದಕ್ಕೂ ಅದೇ ಉತ್ತರ, ಎಲ್ಲದಕ್ಕೂ ಅದೇ ಗತಿ. ಒಣಹುಲ್ಲು ಜಗಿಯುತ್ತ ಪಿಸ್ತಾ ಅವನನ್ನೇ ದಿಟ್ಟಿಸುತ್ತಿದ್ದಳು. ಕುಂಞಿ ಅವಳಿಗೆ ಬೆನ್ನು ತಿರುಗಿಸಿ ತಿನ್ನುವುದನ್ನು ರೂಢಿಮಾಡಿಕೊಂಡ.

ಮಳೆಗಾಲ ಶುರುವಾಗುವ ಹೊತ್ತಿಗೆ ಪಿಸ್ತಾಳ ಕಣ್ಣು ತಿಳಿಯಾಯಿತು, ಮೂಗು ವಾಸಿಯಾಯಿತು. ಮತ್ತೆ ಬಂದ ವಿಸ್ಮಿತಾ ಅವಳ ಒಸಡನ್ನು ನೋಡಿ ಸಂತೋಷಪಟ್ಟಳು. ಆಮೇಲೆ ಬಟನ್ನುಗಳ ನಡುವೆ ಬಿರಿದ ಕುಂಞಿಯ ಅಂಗಿಯನ್ನು ನೋಡಿದಳು.

"ಕಾಕ, ನಿಮ್ಮ ರಕ್ತ ಪರೀಕ್ಷೆ ಮಾಡಿಸಿದ್ದು ಯಾವಾಗ?"

"ನನಗೇನಾಗಿದೆ? ಕಲ್ಲಿನ ಹಾಗೆ ಇದ್ದೇನೆ."

"ಅದೇ, ಸ್ವಲ್ಪ ದೊಡ್ಡ ಕಲ್ಲು ಆಗಿದ್ದೀರಿ."

ಬೀಯಮ್ಮ ಬಿಡಲಿಲ್ಲ. ಬಂಟ್ವಾಳದಲ್ಲಿ ಪರೀಕ್ಷೆಯಾಯಿತು. ಕುಂಞಿಯ ಲಿವರಿನಲ್ಲಿ ಕೊಬ್ಬು ಸೇರಿತ್ತು. ಅಲ್ಲಿನ ಡಾಕ್ಟರು ಪಥ್ಯ ಹೇಳಲು ಬಾಯಿ ತೆರೆದದ್ದೇ ತಡ, ಬೀಯಮ್ಮ ಕೈ ಅಡ್ಡ ಹಿಡಿದಳು.

"ಗೊತ್ತುಂಟು ಡಾಕ್ಟ್ರೇ. ಎಣ್ಣೆ ಇಲ್ಲ, ಒಮ್ಮೆಲೇ ಸುರಿಯಬಾರದು, ಚೂರುಚೂರೇ ಕೊಡಬೇಕು. ಮನೆಯಲ್ಲಿ ಒಬ್ಬಳಿಗೆ ಮಾಡಿ ಅಭ್ಯಾಸ ಉಂಟು."

ಮನೆಯಲ್ಲಿ ಗಂಜಿಯ ಬಟ್ಟಲು ಸಣ್ಣದಾಯಿತು, ಹುರಿದ ಬಂಗುಡೆ ಮೀನು ಕಣ್ಮರೆಯಾಯಿತು. ಸಂಜೆ ಪಿಸ್ತಾಳನ್ನು ನಡೆಸುವುದು ಕುಂಞಿಯ ಪಾಲಿಗೆ ಬಂತು. ಇಬ್ಬರೂ ಗದ್ದೆಯ ಬದುವಿನ ಮೇಲೆ ಮುಖ ಇಳಿಸಿಕೊಂಡು ಹೋಗುತ್ತಿದ್ದರು.

ಒಂದು ದಿನ ನಿತೇಶ್ ಎಂಬ ಹುಡುಗ ತನ್ನ ಮದುವೆಗೆ ಪಿಸ್ತಾಳನ್ನು ಗೊತ್ತುಮಾಡಲು ಬಂದ. ಅವಳು ಗುಣವಾದ ಖುಷಿಗೆಂದು ಮೈಸೂರುಪಾಕು ತಂದಿದ್ದ. ಕುಂಞಿಯ ಕೈ ತಾನಾಗಿ ಮುಂದೆ ಹೋಯಿತು. ಬೀಯಮ್ಮ ಪೊಟ್ಟಣವನ್ನು ಮೊದಲೇ ಎತ್ತಿ, ಜಗಲಿಯಲ್ಲಿ ಕೂತಿದ್ದ ಧರ್ಣಪ್ಪನ ಮುಂದಿಟ್ಟಳು.

"ಧರ್ಣಪ್ಪಣ್ಣ, ನಿಮ್ಮ ಲಿವರ್ ಸರಿ ಉಂಟಲ್ಲ?"

ಆಗಲೇ ಬಾಯಿ ತುಂಬಿಸಿಕೊಂಡಿದ್ದ ಧರ್ಣಪ್ಪ ಹೌದೆಂದು ತಲೆಯಾಡಿಸಿದ. ಕುಂಞಿ ಹಗ್ಗ ಬಿಚ್ಚಿ, ಪಿಸ್ತಾಳನ್ನು ಎಳೆದುಕೊಂಡು ಗದ್ದೆಯ ಕಡೆ ಬೇಗಬೇಗ ನಡೆದ.