ಅಕ್ಕ ಎತ್ತಿ ಹಿಡಿದ ಟ್ಯಾಂಕು

ಮೊನ್ನೆ ಮಗ ತನ್ನ ಹಳೆಯ ಕಾರಿಗೆ ಹೊಸ ಪೆಟ್ರೋಲ್ ಪೈಪ್ ಹಾಕಿ, ಕೈ ತೊಳೆಯದೆ ಸೀದಾ ಅಡುಗೆಮನೆಗೆ ಬಂದು ಫ್ರಿಜ್ ತೆಗೆದ. ಹೊಸ ರಬ್ಬರಿನ ವಾಸನೆ, ಅದರ ಜೊತೆ ಪೆಟ್ರೋಲಿನ ವಾಸನೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಮೊದಲು ಹೊರಗೆ ನಡಿ!" ಎಂದು ಕೂಗಿದೆ. "ಓಕೆ, ಓಕೆ, ಅಮ್ಮಿ, ರಿಲ್ಯಾಕ್ಸ್" ಎನ್ನುತ್ತ ಹೋದ. ಪಾಪ, ಸಿಟ್ಟು ಅವನ ಮೇಲಲ್ಲ. ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ನಾವಿದ್ದಾಗ ಪಕ್ಕದ ಮನೆಯ ಗ್ಯಾರೇಜಿನಿಂದ ಒಂದು ಕಾಲದಲ್ಲಿ ದಿನವಿಡೀ ಇದೇ ವಾಸನೆ ಬರುತ್ತಿತ್ತು...

ಆ ಪಕ್ಕದ ಮನೆಯವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಧಾರವಾಡದ ಕಡೆಯವಳು. ನಾನು ಮೈಸೂರಿನವಳು, ಮದುವೆಯಾಗಿ ಈ ದೇಶಕ್ಕೆ ಬಂದ ಹೊಸತು. ಎರಡು ಸಾವಿರದ ಮೂರನೆಯ ಇಸವಿ ಇರಬೇಕು. ನಮ್ಮ ಮನೆಯ ಉರ್ದು ಅವಳಿಗೆ ತಮಾಷೆ, ಅವಳ ಕನ್ನಡ ನನಗೆ ತಮಾಷೆ. ಅವಳ ಗಂಡ ಕಾರ್ಲ್ಸ್‌ಬಾಡಿನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಎಂಜಿನಿಯರು. ಎದುರಿಗೆ ನಾನು ಅವನನ್ನು 'ನೀವು' ಎನ್ನುತ್ತಿದ್ದೆ. ಇಲ್ಲಿ 'ಅವನು' ಎಂದೇ ಬರೆಯುತ್ತೇನೆ, ಇಷ್ಟು ವರ್ಷದ ಮೇಲೆ ಅಷ್ಟು ಹಕ್ಕು ನನಗಿದೆ.

ಅವನಿಗೆ ಒಂದು ದೊಡ್ಡ ಫೋರ್ ವೀಲ್ ಡ್ರೈವ್ ಗಾಡಿ ಇತ್ತು. ಡೈಮಂಡ್ ಬಾರ್ ಎಂಬ ಊರಿನಲ್ಲಿ ಅಕ್ಕನ ತಂಗಿ ಮನೆ ಕೊಂಡು ಗೃಹಪ್ರವೇಶ ಮಾಡಿದಾಗ, ತಂಗಿಯ ಗಂಡ ಎಲ್ಲರೆದುರು, "ಇಷ್ಟ ದೊಡ್ಡ ಗಾಡಿ ಯಾಕ್ರೀ, ಕಾಯಿಪಲ್ಯೆ ತರಲಿಕ್ಕೇನು?" ಎಂದು ಕೇಳಿಬಿಟ್ಟನಂತೆ. ಜನ ನಕ್ಕರು. ಇವನೂ ನಕ್ಕ. ನಕ್ಕು, ತಟ್ಟೆ ಕೆಳಗಿಟ್ಟು, ಅಕ್ಕನನ್ನು ಎಬ್ಬಿಸಿಕೊಂಡು ಹೊರಟ. ಅಂದಿನಿಂದ ಆ ಮನೆಯವರ ಮುಖ ನೋಡಕೂಡದು ಎಂದು ಅಪ್ಪಣೆ. ಆಮೇಲೆ ಧಾರವಾಡದಿಂದ ಅವಳ ತಾಯಿ ಆರು ತಿಂಗಳಿಗೆಂದು ಬಂದು ತಂಗಿಯ ಮನೆಯಲ್ಲಿ ಇಳಿದರೂ ಅಪ್ಪಣೆ ಸಡಿಲಲಿಲ್ಲ. ತಾಯಿ ಎರಡು ಗಂಟೆಯ ದಾರಿಯಲ್ಲಿದ್ದಳು. ಮಗಳು ನೋಡುವ ಹಾಗಿಲ್ಲ. ಅಕ್ಕನಿಗೆ ಡ್ರೈವಿಂಗ್ ಬರದು, ಪಾಸ್‌ಪೋರ್ಟು ಅವನ ಬೀರುವಿನಲ್ಲಿ, ನಮ್ಮ ರಸ್ತೆಗೆ ಯಾರ ಕಾರು ಬಂದರೂ ಅವನ ಟೇಬಲ್ಲಿನ ಮುಂದಿನ ಕಿಟಕಿಗೆ ಕಾಣುತ್ತಿತ್ತು. ಒಂದೇ ಅನುಕೂಲವೆಂದರೆ, ಅವನು ನಮ್ಮಂಥವರ ಮನೆಯ ಹೊಸಿಲು ತುಳಿಯುತ್ತಿರಲಿಲ್ಲ. ಹೀಗಾಗಿ ಅಕ್ಕನಿಗೆ ನಮ್ಮ ಮನೆಯ ಫೋನಿನಷ್ಟು ಸುರಕ್ಷಿತವಾದದ್ದು ಬೇರೆ ಇರಲಿಲ್ಲ. ಕರಿಬೇವು ಕೇಳುವ ನೆಪದಲ್ಲಿ ಬಂದು ತಾಯಿಯ ದನಿ ಕೇಳಿ ಹೋಗುತ್ತಿದ್ದಳು.

ದನಿ ಕೇಳಿದರೆ ಮುಖ ನೋಡಬೇಕೆನಿಸುತ್ತದಲ್ಲ? ಉಪಾಯ ಹೂಡಿದವಳು ತಂಗಿ. ಅವನಿಗೆ ಮರುಭೂಮಿಯ ಹುಚ್ಚು. ಆಗಾಗ ಶನಿವಾರ ಬೆಳಿಗ್ಗೆ ಅಕ್ಕನನ್ನು ಕೂರಿಸಿಕೊಂಡು ಉತ್ತರಕ್ಕೆ ಹೊರಡುತ್ತಿದ್ದ. ಅಲ್ಲಿ ಅಡುಗೆ ಮಾಡಲು, ಬಂಡೆಗಳ ನಡುವೆ ಗಾಡಿ ಹಾಯಿಸುವಾಗ ಕೆಳಗಿಳಿದು ಕೈ ತೋರಿಸಲು ಒಬ್ಬರು ಬೇಕಲ್ಲ. ದಾರಿಯಲ್ಲಿ ಯಾವಾಗಲೂ ಒಂದೇ ಗ್ಯಾಸ್ ಸ್ಟೇಷನ್ನಿನಲ್ಲಿ, ಅಂದರೆ ಪೆಟ್ರೋಲ್ ಬಂಕಿನಲ್ಲಿ, ನಿಲ್ಲಿಸುತ್ತಿದ್ದ. ಅವರು ಹೊರಟ ಕೂಡಲೇ ನಾನು ಡೈಮಂಡ್ ಬಾರ್‌ಗೆ ಫೋನ್ ಮಾಡಬೇಕು. ತಂಗಿ ತಾಯಿಯನ್ನು ವ್ಯಾನಿನಲ್ಲಿ ಕರೆದುಕೊಂಡು ಬಂದು ಅಲ್ಲಿನ ಅಂಗಡಿಯ ಹಿಂದೆ ನಿಲ್ಲಿಸಿಕೊಳ್ಳುತ್ತಾಳೆ. ಅವನು ಪೆಟ್ರೋಲ್ ತುಂಬಿಸಿ, ಗಾಜು ಒರೆಸಿ, ನಾಲ್ಕೂ ಚಕ್ರದ ಗಾಳಿ ನೋಡುವಷ್ಟರಲ್ಲಿ ಅಕ್ಕ ಬಾತ್‌ರೂಮಿಗೆಂದು ಹೋಗಿ ತಾಯಿಯ ಪಕ್ಕ ಕೂತಿರುತ್ತಾಳೆ. ಆ ಹೆಂಗಸು ಸಜ್ಜಿರೊಟ್ಟಿಗೆ ಶೇಂಗಾ ಚಟ್ನಿ ಸವರಿ, ಸುರುಳಿ ಮಾಡಿ, ಈ ನಲವತ್ತರ ಹತ್ತಿರದ ಮಗಳ ಬಾಯಿಗೆ ತುರುಕುತ್ತಿದ್ದಳಂತೆ. ಮಾತಾಡಲು ಹೊತ್ತಿರುತ್ತಿರಲಿಲ್ಲ, ಬಾಯಿ ಖಾಲಿಯೂ ಇರುತ್ತಿರಲಿಲ್ಲ.

ಒಂದು ಸಲ ಪಂಪಿನಲ್ಲಿ ರಸೀದಿಯ ಕಾಗದ ಮುಗಿದಿತ್ತು. ರಸೀದಿ ಕೇಳಲು ಅಂಗಡಿಗೆ ಬಂದವನು ವ್ಯಾನು ನೋಡಿದ, ಒಳಗಿದ್ದವರನ್ನೂ ನೋಡಿದ. ಕೂಗಾಡಲಿಲ್ಲ. ಬಗ್ಗಿ ಅತ್ತೆಯ ಕಾಲು ಮುಟ್ಟಿ, "ಅರಾಮ ಇದ್ದೀರೇನ್ರೀ? ಇಂಥಾ ಬಿಸಲಾಗ ಯಾಕ ಕೂತೀರಿ?" ಎಂದನಂತೆ. ಸೋಮವಾರ ಅಕ್ಕ ನಮ್ಮ ಅಡುಗೆಮನೆಯಲ್ಲಿ ನಿಂತು ನಗುತ್ತಲೇ ಅತ್ತಳು. "ಮನಸು ಕರಗೇದ ನೋಡವ್ವಾ ಅವರದು." ನಾನು ಆ ಸಂತೋಷಕ್ಕೆ ಶಾವಿಗೆ ಪಾಯಸ ಮಾಡಿದೆ. ಎಂಥ ಪೆದ್ದಿಯರು ನಾವಿಬ್ಬರೂ!

ಮುಂದಿನ ವಾರ ಅವರ ಮನೆಗೆ ಒಂದು ಕಬ್ಬಿಣದ ಟ್ಯಾಂಕು ಬಂತು. ಮರುಭೂಮಿಯಲ್ಲಿ ಪೆಟ್ರೋಲ್ ಸಿಗುವುದಿಲ್ಲ, ಗಾಡಿಗೆ ಎರಡನೆಯ ಟ್ಯಾಂಕು ಬೇಕು ಎಂದ. ಗ್ಯಾರೇಜಿನಲ್ಲಿ ಗಾಡಿ ಎತ್ತಿ ನಿಲ್ಲಿಸಿ, ಹಿಂಭಾಗದ ಕೆಳಗೆ ನೇತಾಡುತ್ತಿದ್ದ ಸ್ಟೆಪ್ನಿಯನ್ನು ಕಿತ್ತು ಮೇಲಕ್ಕೆ ಸಾಗಿಸಿ, ಆ ಜಾಗಕ್ಕೆ ಟ್ಯಾಂಕು ಕೂರಿಸುವ ಕೆಲಸ ಶುರುವಾಯಿತು. ಕೆಲಸಗಾರನೇನೋ ಹೌದು, ಸುಳ್ಳು ಹೇಳಬಾರದು. ಹಳೆಯ ಪೆಟ್ರೋಲ್ ಇಳಿಸಿದ, ಬ್ಯಾಟರಿಯ ವೈರು ತೆಗೆದ, ಗ್ಯಾರೇಜಿನಲ್ಲಿದ್ದ ನೀರಿನ ಹೀಟರಿನ ಉರಿ ಆರಿಸಿದ. ಕಿಡಿ ಹಾರೀತೆಂಬ ಭಯಕ್ಕೆ ಕೆಲಸ ಮುಗಿಯುವವರೆಗೂ ಅಕ್ಕನಿಗೆ ತಣ್ಣೀರಿನ ಸ್ನಾನ.

ಒಂದು ಮಧ್ಯಾಹ್ನ ನಾನು ಹೋದಾಗ ಅಕ್ಕ ಗಾಡಿಯ ಅಡಿಯಲ್ಲಿ ಕಾರ್ಡ್‌ಬೋರ್ಡ್ ಹಾಸಿಕೊಂಡು ಅಂಗಾತ ಮಲಗಿದ್ದಳು. ಮೊಣಕಾಲು ಮಡಚಿ, ಎರಡೂ ಅಂಗಾಲಿನಿಂದ ಟ್ಯಾಂಕನ್ನು ಮೇಲಕ್ಕೆ ಒತ್ತಿ ಹಿಡಿದಿದ್ದಳು. ಅವನು ಪಕ್ಕದಲ್ಲಿ ಪಟ್ಟಿಯ ಬೋಲ್ಟು ಬಿಗಿಯುತ್ತಿದ್ದ. ಒಂದು ಬಿಗಿದ, ಪೈಪು ಅಳತೆ ನೋಡಿದ, ಕಾಫಿ ಕುಡಿದ, ಮತ್ತೆ ಬಂದ. "ಜ್ಯಾಕ್ ಕೊಡ್ಲಾ ಸಾರ್? ನಮ್ಮನೇಲಿ ಇದೆ" ಎಂದೆ. "ಬ್ಯಾಡ್ರೀ. ಅಕಿ ಹಿಡದರನ ಛೊಲೋ ಕೂಡತದ" ಎಂದ. ಅಕ್ಕ ಕೆಳಗಿನಿಂದಲೇ ನನ್ನತ್ತ ಕಣ್ಣು ಮಿಟುಕಿಸಿದಳು. ಆಮೇಲೆ ಬೇಲಿಯ ಬಳಿ ಗುಟ್ಟಾಗಿ ಹೇಳಿದ್ದು ಇದು: "ಎರಡ ಟ್ಯಾಂಕ್ ತುಂಬಿಸಲಿಕ್ಕೆ ಇನ್ನಷ್ಟ ಹೊತ್ತ ಬೇಕಲ್ಲ. ಅಷ್ಟೊತ್ತೂ ಅವ್ವನ ಕೂಡ ಕೂಡಬಹುದು!"

ತಾಯಿ ಊರಿಗೆ ಹೊರಡುವ ಮುಂಚಿನ ಶನಿವಾರ ಹೊಸ ಟ್ಯಾಂಕಿನ ಮೊದಲ ಪಯಣ. "ನಿಮ್ಮವ್ವಗ ಏನರ ಕೊಡೂದಿದ್ರ ತಗೋ" ಎಂದು ಅವನೇ ಹೇಳಿದ. ಅಕ್ಕ ಒಂದು ಇಳಕಲ್ ಸೀರೆ ಮಡಿಲಲ್ಲಿಟ್ಟುಕೊಂಡು ಕೂತಳು. ನಾನು ಅಭ್ಯಾಸದಂತೆ ಫೋನ್ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ತಂಗಿ ಸೆಲ್ ಫೋನಿನಿಂದ, "ಇನ್ನೂ ಬಂದಿಲ್ಲಲ್ರೀ" ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ ತಾಯಿಯೇ ಫೋನ್ ತೆಗೆದುಕೊಂಡಳು. "ಗಾಡಿ ಕೆಟ್ಟಿರಬೇಕು ನೋಡವ್ವಾ. ಪಾಪ, ಅಳಿಯಂದ್ರು ಬಿಸಲಾಗ ಎಷ್ಟ ತ್ರಾಸ ಪಡಾಕತ್ತಾರೋ..." ರೊಟ್ಟಿ ಆರಿ ಹೋಗುವವರೆಗೂ ಕಾದು ತಾಯಿ, ತಂಗಿ ಹಿಂತಿರುಗಿದರು.

ನಡೆದದ್ದನ್ನು ಅಕ್ಕ ಹೇಳಿದ್ದು ಸೋಮವಾರ. ಅವನು ಹಿಂದಿನ ಸಂಜೆಯೇ ಟ್ರಯಲ್ ಎಂದು ಹೋಗಿ ಎರಡೂ ಟ್ಯಾಂಕು ತುಂಬಿಸಿಕೊಂಡು ಬಂದಿದ್ದ. ಆ ಗ್ಯಾಸ್ ಸ್ಟೇಷನ್ನಿಗೆ ಇಳಿಯುವ ಎಕ್ಸಿಟ್ ಹತ್ತಿರ ಬಂದಾಗ ಇಂಡಿಕೇಟರ್ ಹಾಕಿದ, ಬಲಗಡೆಯ ಲೇನಿಗೂ ಬಂದ. ಅಕ್ಕ ಸೀರೆ ಕೈಗೆತ್ತಿಕೊಂಡಳು. ಫ್ರೀವೇ ಎತ್ತರದಲ್ಲಿತ್ತು; ಕೆಳಗೆ ವ್ಯಾನು ಕಂಡಿತು, ಅದರ ಪಕ್ಕ ಹಣೆಗೆ ಕೈ ಅಡ್ಡ ಹಿಡಿದು ನಿಂತ ತಾಯಿ ಕಂಡಳು. ಆಗ ಇಂಡಿಕೇಟರ್ ಆರಿಸಿ, ಹೊಸ ಬಟನ್ ಒತ್ತಿದ. ಹಿಂದಿನ ಟ್ಯಾಂಕಿನಿಂದ ಮುಂದಿನದಕ್ಕೆ ಪೆಟ್ರೋಲ್ ಎಳೆಯುವ ಪಂಪು ಗುಂಯ್ ಎಂದಿತು. "ಎಷ್ಟ ಛೊಲೋ ಓಡಾಕತ್ತದ ನೋಡು. ನೀನ ಹಿಡದಿದ್ದಿಯಲ್ಲಾ" ಎಂದನಂತೆ. ಹೊಟ್ಟೆ ಕೆಟ್ಟಿದೆ, ಬಾತ್‌ರೂಮಿಗೆ ನಿಲ್ಲಿಸಿ ಎಂದಳು ಅಕ್ಕ. ಬಹಳ ದೂರ ಹೋದ ಮೇಲೆ, ಯಾರೂ ಇಲ್ಲದ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದ.

ಬೇರೆ ಗ್ಯಾಸ್ ಸ್ಟೇಷನ್ನಿಗೆ ಹೋಗಿದ್ದರೆ ಸಾಕಿತ್ತಲ್ಲ ಎಂದು ನನ್ನ ಗಂಡ ಇಂದಿಗೂ ಕೇಳುತ್ತಾರೆ. ಸಾಕಾಗುತ್ತಿರಲಿಲ್ಲ. ಅವಳ ಕಾಲಿನಿಂದಲೇ ಆ ಟ್ಯಾಂಕು ಮೇಲೇರಬೇಕಿತ್ತು ಅವನಿಗೆ. ಅಷ್ಟು ನಿಧಾನವಾಗಿ, ಅಷ್ಟು ಅಚ್ಚುಕಟ್ಟಾಗಿ ಕೇಡು ಮಾಡಿದ ಇನ್ನೊಬ್ಬನನ್ನು ನಾನು ಕಂಡಿಲ್ಲ.

ಗಾಡಿ ಕೆಟ್ಟಿತ್ತೆಂದೇ ಅಕ್ಕ ತಾಯಿಗೆ ಹೇಳಿದಳು. ತಾಯಿ ಹಾಗೆಯೇ ವಿಮಾನ ಹತ್ತಿದಳು. ಒಂದೆರಡು ವರ್ಷದ ಮೇಲೆ ಆಕೆ ತೀರಿಕೊಂಡ ಸುದ್ದಿಯೂ ನಮ್ಮ ಮನೆಗೇ ಬಂತು, ನಾನೇ ಹೋಗಿ ಹೇಳಿದೆ. ತಂಗಿ ಹೇಳಿದ್ದ ಇನ್ನೊಂದು ಮಾತನ್ನೂ ಬಾಯಿ ತಡೆಯದೆ ಹೇಳಿಬಿಟ್ಟೆ. ಅಳಿಯನ ಗಾಡಿ ಇನ್ನೆಂದೂ ದಾರಿಯಲ್ಲಿ ಕೆಡದಿರಲಿ ಎಂದು ತಾಯಿ ಕೊನೆಯವರೆಗೂ ಶನಿವಾರ ಶನಿವಾರ ಹನುಮಪ್ಪನಿಗೆ ಎಣ್ಣೆ ಹಾಕಿಸುತ್ತಿದ್ದಳಂತೆ.

"ಅದಕ್ಕ ನೋಡು," ಎಂದಳು ಅಕ್ಕ. "ಒಂದ ಸಲಾನೂ ಕೆಟ್ಟಿಲ್ಲ ಅದು."

ಎರಡು ಸಾವಿರದ ಎಂಟರಲ್ಲಿ ಅವನು ಮನೆ ಮಾರಿ ಬೇರೆ ರಾಜ್ಯಕ್ಕೆ ಹೋದ. ಅಕ್ಕ ಹೇಳಿ ಹೋಗಲು ಬರಲಿಲ್ಲ, ಬರಲು ಬಿಟ್ಟಿರಲಾರ. ತಂಗಿಯನ್ನು ಕೇಳಿದರೆ ಅವಳಿಗೂ ವಿಳಾಸ ತಿಳಿಯದು. ಬದುಕಿದ್ದರೆ ಅಕ್ಕನಿಗೆ ಈಗ ಅವಳ ತಾಯಿಯ ಅಂದಿನ ವಯಸ್ಸು. ಈಚೆಗೆ ಅವಳ ಮುಖ ನೆನಪಿಗೆ ತಂದುಕೊಳ್ಳಲು ನೋಡುತ್ತೇನೆ, ಸರಿಯಾಗಿ ಬರುವುದಿಲ್ಲ... ಅವನ ಮುಖ ಮಾತ್ರ ಹಾಗೆಯೇ ಇದೆ.