ಹವಳದ ಕಲ್ಲಿಗೆ ಮರಿ ಹುಟ್ಟಿದ್ದು

ಇದು 1997ರ ಶ್ರಾವಣದ ಆಸುಪಾಸಿನಲ್ಲಿ ನಡೆದದ್ದು. ಸಮುದ್ರ ಎಂದರೆ ನಮ್ಮ ಸೊಲ್ಲಾಪುರದವರಿಗೆ, ಮುಂಬಯಿಗೆ ಹೋದಾಗ ಸೀರೆ ಎತ್ತಿ ಹಿಡಿದು ಪಾದ ತೋಯಿಸಿಕೊಂಡು ಬರುವ ಜಾಗ. ನಮ್ಮ ಯಜಮಾನರಿಗೆ ಮಾತ್ರ ಅದು ಮನೆಯೊಳಗೇ ಬೇಕಾಗಿತ್ತು. ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ಪಡಸಾಲೆಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ ಇಟ್ಟು, ಮುಂಬಯಿಯಿಂದ ತಂದ ಸಮುದ್ರದ ಉಪ್ಪು ಕಲಸಿ, ಅದರಲ್ಲಿ ಹವಳದ ಕಲ್ಲು ಸಾಕುತ್ತಿದ್ದರು. ಹವಳ ಎಂದರೆ ಕೊರಳಿಗೆ ಹಾಕಿಕೊಳ್ಳುವುದಲ್ಲ, ಜೀವ ಇರುವುದು. ಕಲ್ಲಿನ ತುಂಬ ಅಂಗಿ ಗುಂಡಿಯಷ್ಟು ದೊಡ್ಡ ಹಸಿರು ಹೂಗಳು, ಅಂಚಿಗೆ ಕೇಸರಿ ಕುಚ್ಚು. ದೀಪ ಹಾಕಿದರೆ ಅರಳುತ್ತಿದ್ದವು, ಮುಟ್ಟಿದರೆ ಮುದುಡುತ್ತಿದ್ದವು. ನಾವು ಅವನ್ನು ಗುಂಡಿ ಎಂದೇ ಕರೆಯುತ್ತಿದ್ದೆವು.

ಇದಕ್ಕೂ ಮೊದಲು ತಂದ ಎರಡು ಕಲ್ಲುಗಳು ಸತ್ತು ಹೋಗಿದ್ದವು. ಇದು ಮೂರನೆಯದು. ಮಿಲ್ಲಿನ ಆಫೀಸಿನಲ್ಲಿ ದುಡಿದು ನಿವೃತ್ತರಾಗಿದ್ದ ನಮ್ಮ ಮಾವನವರು ಊಟಕ್ಕೆ ಕುಳಿತಾಗ ಹೇಳಿಯೇಬಿಟ್ಟಿದ್ದರು: "ಇದೂ ಸತ್ತರ ಆ ಪೆಟಿಗಿ ಖಾಲಿ ಮಾಡಪಾ. ನಾ ಅದರಾಗ ಜ್ವಾಳ ತುಂಬತೀನಿ."

ನಮ್ಮ ಯಜಮಾನರು ಅರ್ಧ ಜೋಳದ ಭಕ್ಕರಿ ಬಿಟ್ಟು ಎದ್ದರು. ಅಲ್ಲಿಯವರೆಗೆ ನಾನೂ ಮಾವನವರ ಕಡೆಯೇ ಇದ್ದೆ. ಆ ದಿನ ಮಾತ್ರ ಗಂಡನ ಮುಖ ನೋಡಿ ಅವರ ಕಡೆ ವಾಲಿದೆ. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಆ ಮನುಷ್ಯನಿಗೆ ಇದ್ದದ್ದು ಇದೊಂದೇ ಹುಚ್ಚು.

ನನ್ನ ತವರು ಅಕ್ಕಲಕೋಟ ತಾಲೂಕಿನ ಕರಜಗಿ. ನಮ್ಮಪ್ಪನದು ಕುರಿ ಸಾಕುವ ಮನೆ. ಗಂಡನ ಮನೆಯವರೂ ಮೂಲದಲ್ಲಿ ಅದೇ, ಕುರುಬರ ದೇವರು ಬೀರೋಬನ ಒಕ್ಕಲು. ಆದರೆ ಎರಡು ತಲೆಮಾರಿನಿಂದ ಪೇಟೆಯಲ್ಲಿದ್ದು, ಆಫೀಸಿನ ನೌಕರಿ ಹಿಡಿದು, ಕುರಿಯ ಸುದ್ದಿ ಎತ್ತುವುದನ್ನೇ ಬಿಟ್ಟಿದ್ದರು. ನಾನು ಸ್ವಲ್ಪ ಜೋರಾಗಿ ಮಾತಾಡಿದರೆ ಅತ್ತೆಯವರು, "ಸುರೇಖಾ, ಹಿಂಡು ಕರ್ಯಾಕತ್ತೀ ಏನು? ಆಜೂಬಾಜೂದವರು ಕೇಳ್ತಾರ," ಎನ್ನುತ್ತಿದ್ದರು. ನಾನು ನಗುತ್ತಿದ್ದೆ, ಆದರೆ ಅದು ಚುಚ್ಚುತ್ತಿತ್ತು.

ಒಂದು ಮುಂಜಾನೆ ಕಸ ಹೊಡೆಯುತ್ತಿದ್ದ ಅತ್ತೆಯವರೇ ಕೂಗಿದರು, ಅದೂ ನನಗಿಂತ ಜೋರಾಗಿ. "ಏ, ಬರ್ರಿ ಎಲ್ಲಾರೂ! ಕಲ್ಲು ಮರಿ ಹಾಕ್ಯದ!"

ಓಡಿ ಬಂದು ನೋಡಿದೆವು. ಗುಂಡಿಗಳ ಸಂದಿಯಲ್ಲಿ ಅಕ್ಕಿಕಾಳಿನಷ್ಟು ಸಣ್ಣವು, ಅದೇ ಹಸಿರು, ಅದೇ ಕೇಸರಿ ಕುಚ್ಚು, ತಾಯಿಯನ್ನು ಅಂಟಿಕೊಂಡು ಕುಳಿತಂತೆ ಕುಳಿತಿದ್ದವು. ಇವರ ಕಣ್ಣಲ್ಲಿ ನೀರೇ ಬಂತು. ಹಿಂಡು ಹೆಚ್ಚಿದರೆ ಸಂಭ್ರಮಿಸುವುದು ರಕ್ತದಲ್ಲಿ ಬಂದದ್ದು, ಪೇಟೆಗೆ ಬಂದರೆ ಬಿಟ್ಟು ಹೋಗುತ್ತದೆಯೇ? ಜೋಳ ತುಂಬುತ್ತೇನೆ ಎಂದಿದ್ದ ಮಾವನವರೇ ದೇವರ ಕೋಣೆಯಿಂದ ಭಂಡಾರದ ಅರಿಶಿನ ತಂದು ತೊಟ್ಟಿಯ ಗಾಜಿಗೆ ಹಚ್ಚಿದರು. ಅತ್ತೆಯವರು ಗೋದಿ ಹುಗ್ಗಿ ಮಾಡಿದರು. ಎರಡು ಸಲ ಬಡಿಸಿಕೊಂಡು ನಾನೂ ತಿಂದೆ.

ಹುಗ್ಗಿ ಅರಗುವಷ್ಟರಲ್ಲೇ ಗುಂಡಿಗಳು ಬಾಯಿ ಮುಚ್ಚತೊಡಗಿದವು. ನಿನ್ನೆ ಅರಳಿದ್ದು ಇವತ್ತು ಅರಳಲಿಲ್ಲ. ಒಂದು ಮೂಲೆಯಲ್ಲಿ ಬರೀ ಕಲ್ಲು ಕಾಣತೊಡಗಿತು. ಇವರು ನೀರು ಬದಲಿಸಿದರು, ದೀಪ ಸರಿಸಿದರು, ಏನೂ ನಡೆಯಲಿಲ್ಲ. ಅತ್ತೆಯವರು ದೃಷ್ಟಿ ಎಂದು ತೀರ್ಮಾನಿಸಿ ಉಪ್ಪು, ಮೆಣಸಿನಕಾಯಿ ನಿವಾಳಿಸಿ, ಅದನ್ನು ತೊಟ್ಟಿಗೇ ಹಾಕಲು ಹೊರಟರು. ನಾನು ಕೈ ಹಿಡಿದುಕೊಂಡೆ.

"ಬಿಡ! ಹೆಂಗೂ ಉಪ್ಪಿನ ನೀರ ಅದಲ್ಲ," ಎಂದರು ಅತ್ತೆಯವರು.

"ಉಪ್ಪು ಹಾಕ್ರಿ ಅತ್ತಿ. ಮೆಣಸಿನಕಾಯಿ ಯಾವ ಸಮುದ್ರದಾಗ ಅದ?" ಎಂದೆ.

ಅಷ್ಟರಲ್ಲಿ ನಾಗರ ಪಂಚಮಿ ಬಂತು. ಅಕ್ಕಲಕೋಟದಲ್ಲಿ ಎಸ್‌ಟಿ ಬಸ್ಸು ಬದಲಿಸಿ ಕರಜಗಿಗೆ ಹೋದೆ. ಅಪ್ಪ ಸಂತೆಯಿಂದ ಹೊಸದೊಂದು ಕುರಿ ತಂದು, ಹಿಂಡಿನ ಹತ್ತಿರ ಬಿಡದೆ ದೂರದ ಬೇವಿನ ಗಿಡಕ್ಕೆ ಕಟ್ಟಿದ್ದ. ಅದನ್ನು ಮಗ್ಗುಲಿಗೆ ಕೆಡವಿ, ತೊಡೆಯ ಸಂದಿಯಲ್ಲಿ ತುಪ್ಪಟ ಬಿಡಿಸಿ ಬಿಡಿಸಿ ಉಣ್ಣಿಹುಳು ಹುಡುಕುತ್ತಿದ್ದ. ಚಿಕ್ಕವಳಿದ್ದಾಗ ನಾನೂ ದಿನಾ ಮಾಡಿದ ಕೆಲಸ. ಪಕ್ಕದಲ್ಲಿ ಕುಳಿತು ಕೈ ಹಾಕಿದೆ.

"ಮ್ಯಾಲ ಯಾಕ ನೋಡ್ತಿ?" ಎಂದು ಅಪ್ಪ ಬೈದ. "ಪ್ಯಾಟಿಗಿ ಹೋಗಿ ಮರ್ತಿ ಏನವ್ವ? ಕುರಿಗಿ ಬಾಯಿ ಮುಟ್ಟದ ಜಾಗಾದಾಗ ಇರತಾವ ಅವು. ತೊಗಲಿನ ಬಣ್ಣಾನ ತಗೊಂಡು, ನರೂಲಿ ಆದಂಗ ಆಗಿ ಕುಂತಿರತಾವ."

ತೊಗಲಿನ ಬಣ್ಣವನ್ನೇ ತೆಗೆದುಕೊಂಡು! ನನ್ನ ಕೈ ಅಲ್ಲೇ ನಿಂತಿತು. ಮರಿ ಹುಟ್ಟಿದರೆ ತಾಯಿ ಸೊರಗಬಹುದು, ಆದರೆ ಹಿಂಡು ಕಡಿಮೆಯಾಗುತ್ತದೆಯೇ? ನಮ್ಮ ಮನೆಯ ಕಲ್ಲಿನಲ್ಲಿ ಮರಿ ಹೆಚ್ಚಿದಂತೆ ತಾಯಿ ಗುಂಡಿಗಳೇ ಮಾಯವಾಗುತ್ತಿದ್ದವು. ಅವ್ವ ಇರು ಎಂದು ಎಷ್ಟು ಹೇಳಿದರೂ ಕೇಳದೆ, ಹಬ್ಬದ ಜೋಕಾಲಿ ಸಹ ಆಡದೆ ಮರುದಿನದ ಮೊದಲ ಬಸ್ಸು ಹಿಡಿದೆ.

ಮನೆ ಮುಟ್ಟಿದಾಗ ಇವರು ಆಫೀಸಿಗೆ ಹೋಗಿದ್ದರು. ಆ ಕಲ್ಲಿನ ಲೋಳೆ ಕೈಗೆ ಒಳ್ಳೆಯದಲ್ಲ ಎಂದು ಇವರು ಹೇಳುತ್ತಿದ್ದರಿಂದ ಕೈಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೆ. ತೊಟ್ಟಿಯ ನೀರನ್ನೇ ಅಗಲ ತಾಟಿನಂಥ ಪರಾತಕ್ಕೆ ತೆಗೆದು, ಕಲ್ಲನ್ನು ಅದರಲ್ಲಿಟ್ಟು ಮಗುಚಿದೆ. ಕೆಳಗಿನ ಮಗ್ಗುಲಲ್ಲಿ ಆ ಮರಿಗಳ ಗುಂಪೇ ಇತ್ತು! ಜೊತೆಗೆ ಶ್ಯಾವಿಗೆ ಸುತ್ತಿಟ್ಟಂತೆ ಬಿಳಿ ಸುರುಳಿಗಳು, ಅವೇ ಮೊಟ್ಟೆ. ಕಸಬರಿಗೆಯ ಕಡ್ಡಿಯಿಂದ ಒಂದು "ಮರಿ"ಯನ್ನು ತಿವಿದೆ. ಅದು ಸರಸರ ಹರಿದು ಹೋಯಿತು. ಕಲ್ಲಿಗೆ ಬೇರೂರಿದ ಗುಂಡಿ ಎಲ್ಲಿಯಾದರೂ ಹರಿಯುವುದುಂಟೇ? ಕುಚ್ಚಿನ ಕೆಳಗೆ ಇದ್ದದ್ದು ಬಸವನಹುಳುವಿನಂಥ ಮೈ. ಅದು ಗುಂಡಿಯನ್ನು ತಿಂದು ಗುಂಡಿಯ ಬಣ್ಣವನ್ನೇ ಪಡೆದಿತ್ತು.

"ಅಯ್ಯ ನನ್ನವ್ವ, ಮರಿ ಅಲ್ಲೇನು?" ಎಂದು ಅತ್ತೆಯವರು ಬಾಯಿ ಮೇಲೆ ಕೈ ಇಟ್ಟುಕೊಂಡರು.

"ಉಣ್ಣಿ ರೀ ಅತ್ತಿ. ನಾವು ಉಣ್ಣಿ ಹುಟ್ಟಿದ್ದಕ್ಕ ಹುಗ್ಗಿ ಮಾಡೀವಿ!"

ಸಂಜೆ ಇವರು ಬಂದು, ಮಾವನವರ ಭೂತಗನ್ನಡಿ ಹಿಡಿದು ನೋಡಿ ನೆಲಕ್ಕೇ ಕುಸಿದರು. "ಮುಗೀತು ಬಿಡ. ಇದೂ ಹೋತು. ಸೊಲ್ಲಾಪುರದಾಗ ಸಮುದ್ರ ಅನ್ನೂದ ತಪ್ಪು."

ನನಗೆ ಸಿಟ್ಟು ನೆತ್ತಿಗೇರಿತು. "ಉಣ್ಣಿ ಹತ್ತಿದ್ರ ಕುರಿ ಬಿಸಾಡ್ತಾರೇನ್ರಿ? ಮೈ ತೊಳೀತಾರ! ಸಮುದ್ರದ ಜೀವಕ್ಕ ಸೀನೀರು ವಿಷ ಅಂತ ನೀವ ಅಂತಿದ್ದಿರಲ್ಲ. ಆ ನೀರಾಗನ ಅದ್ದೂಣು. ಗುಂಡಿ ಬಾಯಿ ಬಿಗಿಹಿಡೀತದ. ಈ ಹುಳಕ್ಕ ಮುಚ್ಚಾಕ ಬಾಯಿ ಎಲ್ಲದ? ಮೊದಲ ಅದ ಸಾಯ್ತದ."

"ಎರಡೂ ಸತ್ತರ?"

"ಹಿಂಡಿಗೆಲ್ಲಾ ಒಮ್ಮೆಲೆ ಔಷಧ ಯಾರ ಕುಡಸ್ತಾರ? ಮೊದಲ ಒಂದಕ್ಕ ಕುಡಿಸಿ ನೋಡ್ತಾರ. ಒಂದ ತುಂಡು ಕೊಡ್ರಿ ನನಗ."

ಆಗ ಮಾವನವರು ಬಾಯಿಬಿಟ್ಟರು. "ಆಕಿ ಅನ್ನೂದು ಖರೆ ಅದ. ನಮ್ಮಜ್ಜ ಕುರಿಗಿ ಹಂಗ ಮಾಡತಿದ್ದ." ಆ ಮನೆಯಲ್ಲಿ ಅಜ್ಜನ ಕುರಿಯ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಭಾನುವಾರ ಮುಂಜಾನೆ ಕೆಲಸ ಶುರುವಾಯಿತು. ಸೊಲ್ಲಾಪುರದಲ್ಲಿ ನಳ ದಿನಾ ಎಲ್ಲಿ ಬರುತ್ತದೆ? ಹಂಡೆಯಲ್ಲಿ ತುಂಬಿಟ್ಟ ನೀರಿನಲ್ಲಿ ನಳದವರು ಹಾಕುವ ಕ್ಲೋರಿನ್ ಔಷಧದ ವಾಸನೆ ಹೋಗಿತ್ತು, ಈ ಕೆಲಸಕ್ಕೆ ಅದೇ ಒಳ್ಳೆಯದಾಯಿತು. ಅದನ್ನು ತೊಟ್ಟಿಯ ನೀರಿನಷ್ಟೇ ಬೆಚ್ಚಗೆ ಮಾಡಿದೆವು. ಇವರು ಕಲ್ಲಿನ ಮೂಲೆಯ ಒಂದು ಚೂರು ಮುರಿದು ಕೊಟ್ಟರು. ಎಷ್ಟು ಹೊತ್ತು ಅದ್ದುವುದು? ಹಾಡು ಹೇಳುವುದು ಅತ್ತೆಯವರ ಉಪಾಯ. ಅವರ ಶ್ಯಾವಿಗೆ, ಹಪ್ಪಳ ಎಲ್ಲದಕ್ಕೂ ಹಾಡೇ ಗಡಿಯಾರ. ಮೈಲಾರನ ಹಾಡು ಎತ್ತಿಕೊಂಡರು. ಎರಡನೇ ನುಡಿಗೆ ಹುಳುಗಳು ಮುದುಡಿ, ಹಿಡಿತ ಬಿಟ್ಟು, ಒಂದೊಂದಾಗಿ ತಳಕ್ಕೆ ಉದುರಿದವು.

"ಇನ್ನೊಂದ ನುಡಿ ಹಾಡ್ಲೇನು?"

"ಬ್ಯಾಡ್ರಿ ಅತ್ತಿ, ಸಾಕು! ಗುಂಡೀನೂ ಸತ್ತಾವು!"

ಆ ಚೂರನ್ನು ಉಪ್ಪುನೀರಿನ ಬರಣಿಯಲ್ಲಿ ಬೇರೆ ಇಟ್ಟು, ಗಾಳಿಯ ನಳಿಗೆ ಬಿಟ್ಟೆವು. ದಿನವಿಡೀ ಗುಂಡಿಗಳು ಬಿಗಿಯಾಗಿ ಮುಚ್ಚಿಕೊಂಡೇ ಇದ್ದವು. ನನಗೆ ಊಟ ಸೇರಲಿಲ್ಲ. ದೊಡ್ಡ ಬಾಯಿ ಮಾಡಿದವಳು ನಾನೇ ಅಲ್ಲವೇ! ಮರುದಿನ ಮುಂಜಾನೆ ಚಹಾಕ್ಕಿಟ್ಟಿದ್ದೆ, ಇವರು ಕೂಗಿದರು. ಓಡಿ ಬಂದು ನೋಡಿದರೆ ಬರಣಿಯಲ್ಲಿ ಗುಂಡಿಗಳು ಅರಳಿದ್ದವು. ಒಲೆಯ ಮೇಲೆ ಚಹಾ ಉಕ್ಕಿ ಹೋಯಿತು, ಯಾರೂ ತಿರುಗಿ ನೋಡಲಿಲ್ಲ.

ಆಮೇಲೆ ಇಡೀ ಕಲ್ಲನ್ನು ಅದ್ದಿದೆವು. ಮೊಟ್ಟೆಯ ಸುರುಳಿಗಳು ಸೀನೀರಿಗೆ ಬಗ್ಗಲಿಲ್ಲ. ಅವನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಕೆರೆದು ತೆಗೆದೆ. ಉಳಿದವು ಮರಿಯಾದಾಗ ಮತ್ತೆ ಅದ್ದಿದೆವು, ಮತ್ತೊಮ್ಮೆಯೂ ಅದ್ದಿದೆವು. ಉಣ್ಣಿ ಒಂದೇ ತೊಳೆತಕ್ಕೆ ಹೋಗುವುದಿಲ್ಲ ಎಂದು ಕರಜಗಿಯ ಯಾವ ಕೂಸನ್ನು ಕೇಳಿದರೂ ಹೇಳುತ್ತದೆ. ಹೊಸದಾಗಿ ಏನೇ ತಂದರೂ ಮೊದಲು ಬರಣಿ, ಆಮೇಲೆ ತೊಟ್ಟಿ ಎಂಬುದು ಅಂದಿನಿಂದ ನಮ್ಮ ಮನೆಯ ಕಾನೂನಾಯಿತು.

ದೀಪಾವಳಿಯ ಹೊತ್ತಿಗೆ ಬೋಳಾಗಿದ್ದ ಮೂಲೆಯೂ ಹಸಿರಾಯಿತು. ಫರಾಳದ ತಿಂಡಿಗೆ ಬಂದ ಮರಾಠಿ ನೆರೆಯವರೆಲ್ಲ ಚಕ್ಕುಲಿ ಕೈಯಲ್ಲೇ ಹಿಡಿದು ತೊಟ್ಟಿಯ ಮುಂದೆ ನಿಂತುಬಿಟ್ಟರು. ಇವರು ನಾಚಿಕೊಂಡು ನನ್ನ ಕಡೆ ಕೈ ತೋರಿಸಿದರು. ಮಾವನವರು ಎದ್ದು ನಿಂತು, ಓಣಿಗೆಲ್ಲ ಕೇಳುವ ಹಾಗೆ ಮರಾಠಿಯಲ್ಲಿ ಹೇಳಿದರು: "ಆಮಚ್ಯಾ ಸುನೇನಂ ವಾಚವಲಂ. ಧನಗರಾಚೀ ಲೇಕ ಆಹೆ ತೀ. ಆಮ್ಹೀ ಪಣ ಧನಗರಚ!" ಉಳಿಸಿದವಳು ನಮ್ಮ ಸೊಸೆ, ಕುರುಬರ ಮಗಳು ಅವಳು, ನಾವೂ ಕುರುಬರೇ ಎಂದು.

ಅತ್ತೆಯವರು ಈ ಸಲ ಆಜೂಬಾಜೂದವರು ಕೇಳ್ತಾರ ಎನ್ನಲಿಲ್ಲ. ನಾನು ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಆಮೇಲೆ ಮಗಳು ಹುಟ್ಟಿದಾಗಲೂ ನನಗೆ ಇಷ್ಟು ಖುಷಿಯಾಗಲಿಲ್ಲ ಎಂದರೆ ಅವಳು ಈಗಲೂ ಮುಖ ಊದಿಸಿಕೊಳ್ಳುತ್ತಾಳೆ. ಏನು ಮಾಡಲಿ, ನಿಜವನ್ನು ನಿಜ ಎಂದೇ ಹೇಳಬೇಕಲ್ಲ. ಆ ದಿನದಿಂದ ಆ ಮನೆಯಲ್ಲಿ ನಾನು ನನ್ನ ಧ್ವನಿಯಲ್ಲೇ ಮಾತಾಡುತ್ತಾ ಬಂದಿದ್ದೇನೆ.