ಪಂಪಣ್ಣನ ಸೀಸನ್ ಪಾಸು

ಸತ್ತವರ ಹೆಸರು ಓದುವಾಗ ಪಂಪಣ್ಣ ದನಿಯನ್ನು ಸ್ವಲ್ಪ ತಗ್ಗಿಸುತ್ತಿದ್ದರು. ಮರ್ಯಾದೆಗೆ ತಗ್ಗಿಸುತ್ತಿದ್ದರೋ, ನನಗೆಲ್ಲ ಗೊತ್ತಿದೆ ಎಂದು ಗಿರಾಕಿಗೆ ತಿಳಿಸಲು ತಗ್ಗಿಸುತ್ತಿದ್ದರೋ, ಎರಡು ಬೇಸಿಗೆ ಪಕ್ಕದಲ್ಲೇ ಕೂತಿದ್ದರೂ ನನಗೆ ತಿಳಿಯಲಿಲ್ಲ. ಹೇಗೂ ಬಾಯಿ ಮುಂದಿನ ಮೈಕನ್ನು ಅವರು ಆರಿಸುತ್ತಿರಲಿಲ್ಲ. ತಗ್ಗಿಸಿದ ದನಿಯೂ ಗೇಟಿನಿಂದ ಮಿರ್ಚಿ ಅಂಗಡಿಯವರೆಗೆ ಚೆನ್ನಾಗಿಯೇ ಕೇಳುತ್ತಿತ್ತು.

ಆಗ ದಾವಣಗೆರೆಯಲ್ಲಿ ಮಂಡಿಪೇಟೆಯ ಹಿಂದಿನ ಬಯಲಿನಲ್ಲೊಂದು, ಹರಿಹರದಲ್ಲಿ ಹೊಳೆದಂಡೆಯ ಬಯಲಿನಲ್ಲೊಂದು, ಹೀಗೆ ಎರಡು ಕಡೆ ಪಂಪಣ್ಣನ ಆಟದ ಮೈದಾನ ಬೇಸಿಗೆಯಲ್ಲಿ ಎದ್ದು ನಿಲ್ಲುತ್ತಿತ್ತು. ಎರಡರಲ್ಲೂ ಒಂದೊಂದು ದೊಡ್ಡ ತೂಗುತೊಟ್ಟಿಲು, ಸುತ್ತುವ ಮರದ ಕುದುರೆಗಳು, ಮುಖವನ್ನು ಸೋರೆಕಾಯಿ ಮಾಡಿ ತೋರಿಸುವ ಕನ್ನಡಿಗಳ ಡೇರೆ. ಇಷ್ಟೆಲ್ಲ ಇಟ್ಟುಕೊಂಡ ಮನುಷ್ಯ ಒಂದು ದಿನವೂ ತೊಟ್ಟಿಲು ಹತ್ತಲಿಲ್ಲ. ಯಾಕೆ ಎಂದು ಕೇಳಿದರೆ, "ಮ್ಯಾಲೆ ಹೋದ್ರ ಜನ ಸಣ್ಣಾಗಿ ಕಾಣ್ತಾರ. ನಂಗೆ ಅವ್ರ ಮುಖ ಕಾಣ್ಬೇಕ್ರಿ" ಎನ್ನುತ್ತಿದ್ದರು.

ಮುಖ ನೋಡುವುದೇ ಅವರ ಕಸುಬು. ಮಂಡಿಯಲ್ಲಿ ಹದಿನೈದು ವರ್ಷ ಶೇಂಗಾ ಚೀಲದ ಮುಂದೆ ಕೂತು, ರೈತ ಎಷ್ಟಕ್ಕೆ ಇಳಿಯುತ್ತಾನೆ ಎನ್ನುವುದನ್ನು ಅವನು ಬಾಯಿ ಬಿಡುವ ಮೊದಲೇ ಹೇಳುತ್ತಿದ್ದವರು. ಒಣಕಲು ಮೈ, ಬಿಳಿ ಟೋಪಿ, ತೋಳೂ ಜೇಬೂ ಇದ್ದ ಬನಿಯನ್ನು. ಟೀಚರ್ ಟ್ರೈನಿಂಗ್ ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನನ್ನನ್ನು ಪಾಸು ಬರೆಯಲು ಕರೆದದ್ದು ಅವರೇ. ಮೊದಲ ದಿನದಿಂದಲೂ ನನ್ನನ್ನು ಟೀಚರಮ್ಮ ಎಂದರು. ಊರಿನಲ್ಲಿ ಹಾಗೆ ಕರೆದ ಮೊದಲ ಮನುಷ್ಯ ಅವರು, ಅದಕ್ಕೇ ನನಗೆ ಅವರ ಮೇಲೆ ಪ್ರೀತಿ ಬಂತು. ಈಗ ಹೇಳಿಕೊಳ್ಳಲು ನಾಚಿಕೆಯಾದರೂ ಅದು ಪೂರ್ತಿ ಹೋಗಿಲ್ಲ.

ಗೇಟಿನ ಮೇಲೆ ಎರಡು ಬೋರ್ಡು. ಒಂದು ಸಲದ ಟಿಕೆಟ್ಟು ಎರಡು ರೂಪಾಯಿ. ಸೀಸನ್ ಪಾಸು ತಲೆಗೆ ಐದು ರೂಪಾಯಿ, ಬೇಸಿಗೆಯಿಡೀ, ಎರಡೂ ಊರಿಗೆ. ಎರಡು ರೂಪಾಯಿ ವಿಪರೀತವಾಯಿತು ಎಂದು ನಾನು ಅಂದೆ. ಪಂಪಣ್ಣ ಎಲೆಯಡಿಕೆ ಮಡಚುತ್ತ, "ಆ ಟಿಕೆಟ್ ಮಾರಾಕಲ್ರಿ, ತೋರ್ಸಾಕ" ಅಂದರು. "ಅದನ್ನ ನೋಡಿ ಹೆದರ್ಕಂಡು ಪಾಸಿಗೆ ಬರ್ಬೇಕು ಅವ್ರು. ಮೊದಲ್ನೇ ಸಲ ಮಕ್ಳಿಗಂತ ಬರ್ತಾರ. ಎರಡ್ನೇ ಸಲ, ದುಡ್ಡು ಕೊಟ್ಟೀವಲ್ಲ ಅಂತ ಬರ್ತಾರ. ಮೂರ್ನೇ ಸಲ ಬರಂಗಿಲ್ಲ, ಪಾಸ್ ಐತಲ್ಲ, ನಾಳೆ ಹೋದ್ರಾತು ಅಂತಾರ. ಆ ನಾಳೆ ಐತಲ್ಲ, ಅದಾ ನನ್ನ ಲಾಭ." ಎರಡು ಊರಿಗೂ ಒಂದೇ ಪಾಸು ಯಾಕೆ ಎಂದರೆ, ತೊಟ್ಟಿಲಾಡಲು ಹರಿಹರದ ಬಸ್ಸು ಹತ್ತುವ ಮಂದಿ ದಾವಣಗೆರೆಯಲ್ಲಿ ಇನ್ನೂ ಹುಟ್ಟಿಲ್ಲ, ಆದರೆ ಹೋಗಬಹುದು ಎಂದರೆ ಎಲ್ಲರಿಗೂ ಸಂತೋಷವಾಗುತ್ತದೆ ಎನ್ನುತ್ತಿದ್ದರು. ಅವರು ಹೇಳಿದ ಲೆಕ್ಕ ಒಂದು ದಿನವೂ ತಪ್ಪಲಿಲ್ಲ.

ತಪ್ಪಿದ್ದು ನಾನು ಬರುವುದಕ್ಕೆ ಮೊದಲಿನ ಬೇಸಿಗೆಯಲ್ಲಿ. ಮನೆಗೊಂದು ಪಾಸು ಎಂದು ಮಾರಿದ್ದರಂತೆ. ಮನೆ ಎಂದರೆ ಐದಾರು ಜನ ಎಂದುಕೊಂಡು. ಮಂಡಿಪೇಟೆಯ ಒಂದು ಮನೆಯವರು ಒಂದೇ ಪಾಸಿಗೆ ಮೂವತ್ತೆಂಟು ಮಂದಿ ಬಂದರು, ಬಾಣಂತಿ ಸಮೇತ. ಆ ಮೂವತ್ತೆಂಟು ಜನರನ್ನು ಪಂಪಣ್ಣ ಕ್ಷಮಿಸಲಿಲ್ಲ. ವರ್ಷವೆಲ್ಲ ಯೋಚಿಸಿ, ಮರುವರ್ಷ ರೇಷನ್ ಕಾರ್ಡು ತಂದವರಿಗೆ ಮಾತ್ರ ಪಾಸು ಎಂದರು. ಕಾರ್ಡಿನಲ್ಲಿ ಎಷ್ಟು ಹೆಸರಿದೆಯೋ ಅಷ್ಟಕ್ಕೂ ಕೊಳ್ಳಬೇಕು. ಇಬ್ಬರಿಗೆ ಬೇಕು, ನಾಲ್ವರಿಗೆ ಬೇಡ ಎನ್ನುವ ಹಾಗಿಲ್ಲ.

ಇದರ ರುಚಿ ತಿಳಿಯಬೇಕಾದರೆ ಆಗಿನ ಕಾರ್ಡುಗಳು ಗೊತ್ತಿರಬೇಕು. ಸಕ್ಕರೆ ತಲೆಯ ಲೆಕ್ಕದಲ್ಲಿ ಸಿಗುತ್ತಿದ್ದ ಕಾಲ. ಸತ್ತ ಅಜ್ಜಿ, ಮದುವೆಯಾಗಿ ಹೋದ ಮಗಳು, ಹುಟ್ಟದ ಮಗು, ಎಲ್ಲರೂ ಕಾರ್ಡಿನಲ್ಲಿ ಸುಖವಾಗಿದ್ದರು. ಪಂಪಣ್ಣ ಗೇಟಿನಲ್ಲಿ ಮೈಕು ಹಿಡಿದು ಒಂದೊಂದೇ ಹೆಸರು ಓದುವರು. ಪಕ್ಕದ ಕುರ್ಚಿಯಲ್ಲಿ ಸಫಾರಿ ತೊಟ್ಟು ಫೈಲು ಹಿಡಿದ ಒಬ್ಬ ಮನುಷ್ಯ ಸೋಡಾ ಕುಡಿಯುತ್ತ ಕೂತಿರುವನು. ಅವನು ಪಂಪಣ್ಣನ ಷಡ್ಡಕ. ಅವನು ರೇಷನ್ ಆಫೀಸಿನವನೆಂದು ನಾವ್ಯಾರೂ ಹೇಳಿರಲಿಲ್ಲ, ಅಲ್ಲವೆಂದೂ ಹೇಳಿರಲಿಲ್ಲ. ಇಲ್ಲದವರನ್ನು ಇಲ್ಲ ಎನ್ನಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ.

"ಹಾಲಮ್ಮ, ಎಪ್ಪತ್ತೆಂಟು" ಎಂದು ಓದಿದರು ಒಂದು ಸಂಜೆ. ಎದುರಿಗೆ ಬೆಲ್ಲದ ವ್ಯಾಪಾರಿ, ಹಿಂದೆ ಅವನ ಸಂಸಾರ.

"ಮನ್ಯಾಗ ಅದಾರ್ರಿ. ಮೊಣಕಾಲು ನೋವು" ಎಂದ ವ್ಯಾಪಾರಿ.

ಹಾಲಮ್ಮನ ತಿಥಿಯಲ್ಲಿ ಪಂಪಣ್ಣ ಹೋಳಿಗೆ ಉಂಡು ಬಂದು ವರ್ಷದ ಮೇಲಾಗಿತ್ತು. "ತೊಟ್ಟಿಲಾಗ ನಡಿಯೋದೇನೈತ್ರಿ, ಕೂತ್ರಾತು. ಬಿಡುವಾದಾಗ ಕಳ್ಸ್ರಿ" ಎಂದು ಹೇಳಿ ನನ್ನ ಕಡೆ ತಿರುಗಿ, "ಹಾಲಮ್ಮರಿಗೊಂದು ಬರೀರಿ ಟೀಚರಮ್ಮ" ಅಂದರು. ಬದುಕಿದ್ದಾಗ ತಾಯಿಗೆ ಒಂದು ಲೋಟ ಕಾಫಿ ಕೊಡಲು ಲೆಕ್ಕ ಹಾಕುತ್ತಿದ್ದ ಮಗ ಐದು ರೂಪಾಯಿ ಎಣಿಸಿ ಕೊಟ್ಟ. ಅವರು ಒಳಗೆ ಹೋದಮೇಲೆ ನಾನು ಮೇಜಿನ ಮೇಲೆ ತಲೆಯಿಟ್ಟು ನಕ್ಕೆ.

ಡಬ್ಬಿ ಬೆಸೆಯುವ ಖಾದರ್ ಸಾಬರು ಬಂದ ದಿನ ಮಾತ್ರ ನಗು ಬರಲಿಲ್ಲ. "ಆಯೇಷಾ, ಐದು" ಎಂದು ಪಂಪಣ್ಣ ದನಿ ತಗ್ಗಿಸಿ ಓದಿದರು. ಆ ಮಗು ಯುಗಾದಿಯ ಹೊತ್ತಿಗೆ ಜ್ವರದಲ್ಲಿ ಹೋಗಿತ್ತು. ಖಾದರ್ ಸಾಬರು ಜತೆಗಿದ್ದ ಇಬ್ಬರು ಹುಡುಗರ ತಲೆ ನೋಡಿದರು. ಆಮೇಲೆ, "ಬರೀರಿ" ಅಂದರು. ಪೆನ್ನು ಕೆಳಗಿಟ್ಟೆ ಎಂದು ಹೇಳಿಕೊಳ್ಳಲು ನನಗೂ ಆಸೆ. ಇಡಲಿಲ್ಲ, ಬರೆದೆ. ಊಟದ ಹೊತ್ತಿನಲ್ಲಿ ಕೇಳಿದ್ದಕ್ಕೆ ಪಂಪಣ್ಣ, "ಬ್ಯಾಡ ಅಂದ್ನೇನ್ರಿ ಅವ? ಅವ್ನಿಗೆ ಬೇಕಾಗಿತ್ತು, ತಗಂಡ" ಎಂದು ರೊಟ್ಟಿ ಮುರಿದರು.

ಆ ಊಟ ತರುತ್ತಿದ್ದವಳು ನನ್ನ ಅಕ್ಕ ನೀಲಮ್ಮ. ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ರೇವಣ್ಣನಿಗೆ ಕೊಟ್ಟಿದ್ದೆವು. ಮಕ್ಕಳಾಗಲಿಲ್ಲವೆಂದು ಅವನು ಆರು ತಿಂಗಳ ಹಿಂದೆ ಅವಳನ್ನು ಒಂದು ಟ್ರಂಕಿನ ಜತೆ ನಮ್ಮ ಬಾಗಿಲಲ್ಲಿ ಇಳಿಸಿ ಹೋಗಿದ್ದ. ಮನೆಯಲ್ಲಿ ಬೇರೊಬ್ಬಳನ್ನು ಇಟ್ಟುಕೊಂಡಿದ್ದಾನೆಂದು ಸುದ್ದಿ. ಜೀವನಾಂಶಕ್ಕೆ ಕೇಸು ಹಾಕೋಣವೆಂದರೆ ವಕೀಲರು, "ಅವ್ನು ಕರ್ಕೊಂಡು ಹೋಗ್ತೀನಿ ಅಂದ್ರೆ ಮುಗೀತಮ್ಮ. ಇನ್ನೊಬ್ಬಳು ಅದಾಳ ಅನ್ನೋಕೆ ಕಾಗದ ಬೇಕು" ಎಂದಿದ್ದರು. ಓಣಿಯವರು ಯಾರೂ ಸಾಕ್ಷಿಗೆ ಬರಲು ಒಪ್ಪಿರಲಿಲ್ಲ. ಅಕ್ಕ ಒಂದು ಸಲವೂ ಅಳಲಿಲ್ಲ. ದಿನಾ ರೊಟ್ಟಿ ತಟ್ಟಿ ಮಧ್ಯಾಹ್ನ ಬುತ್ತಿ ತರುವಳು, ಪಂಪಣ್ಣನಿಗೂ ಸೇರಿಸಿ. ಅವರಿಗೆ ಅವಳ ಕತೆಯೆಲ್ಲ ಗೊತ್ತಿತ್ತು.

ಹರಿಹರದ ಮೈದಾನ ಹದಿನೈದು ದಿನ ತಡವಾಗಿ ಶುರುವಾಗುತ್ತಿತ್ತು, ಮೊದಲ ವಾರ ಪಂಪಣ್ಣ, ಅವರ ಷಡ್ಡಕ, ನಾನು ಮೂವರೂ ಅಲ್ಲಿಯ ಗೇಟಿನಲ್ಲೇ ಕೂರುತ್ತಿದ್ದೆವು. ಅಲ್ಲಿಯ ಮೂರನೆಯ ಸಂಜೆ ಸಾಲಿನಲ್ಲಿ ರೇವಣ್ಣ ನಿಂತಿದ್ದ. ಜತೆಗೆ ಅವನ ತಾಯಿ, ತಮ್ಮ, ಮತ್ತೊಬ್ಬ ಹೆಂಗಸು. ಮೇಜಿನ ಹತ್ತಿರ ಬರುವ ತನಕ ಅವನು ನನ್ನನ್ನು ನೋಡಿರಲಿಲ್ಲ. ನೋಡಿದಮೇಲೆ ಹಿಂದೆ ಸರಿಯಲು ಜಾಗವಿರಲಿಲ್ಲ. ಪಂಪಣ್ಣ ಆಗಲೇ ಕಾರ್ಡು ಕಿತ್ತುಕೊಂಡು ಓದುತ್ತಿದ್ದರು.

"ನೀಲಮ್ಮ, ಇಪ್ಪತ್ತಾರು."

ಹೊರಗೆ ಹಾಕಿದ ಹೆಂಡತಿಯ ಸಕ್ಕರೆಯನ್ನು ಅವನು ಬಿಟ್ಟಿರಲಿಲ್ಲ. ಸಫಾರಿ ಮನುಷ್ಯ ತಲೆಯೆತ್ತಿದ. ಅಷ್ಟರಲ್ಲಿ ಆ ಹೆಂಗಸು ಮುಂದೆ ಬಂದು, "ನಾನಾ ರೀ" ಎಂದಳು.

ಪಂಪಣ್ಣ ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಬರೀರಿ ಟೀಚರಮ್ಮ. ಕಾರ್ಡ್‌ನಾಗ ಐತಲ್ಲ."

ಓದು ಬಲ್ಲವರಿಗೂ ನಮ್ಮಲ್ಲಿ ಹೆಬ್ಬೆಟ್ಟೇ. ಪಾಸಿನ ಮೇಲೊಂದು, ನಮ್ಮ ಪುಸ್ತಕದಲ್ಲಿ ಉಳಿಯುವ ಅರ್ಧದ ಮೇಲೊಂದು. ನಿಜ ಹೇಳಬೇಕೆಂದರೆ ನನಗೆ ಕುಣಿಯುವಷ್ಟು ಸಂತೋಷವಾಗಿತ್ತು. ನೀಲಮ್ಮ, ಗಂಡ ರೇವಣ್ಣ, ಎಂದು ದುಂಡಗೆ ಬರೆದು, ಆ ಹೆಂಗಸಿನ ಹೆಬ್ಬೆರಳನ್ನು ನಾನೇ ಹಿಡಿದು ಶಾಯಿಯಲ್ಲಿ ಅದ್ದಿ ಎರಡೂ ಕಡೆ ಒತ್ತಿದೆ. ಅಕ್ಕನ ಹೆಸರಿನಡಿ ಬೇರೊಬ್ಬಳ ಹೆಬ್ಬೆಟ್ಟು: ವಕೀಲರು ಕೇಳಿದ ಕಾಗದ ತಾನಾಗಿ ಬಂದು ನನ್ನ ಮೇಜಿನ ಮೇಲೆ ಬಿದ್ದಿತ್ತು.

ಗೇಟು ಮುಚ್ಚಿದಮೇಲೆ ಪುಸ್ತಕಕ್ಕೆ ಕೈ ಹಾಕಿದೆ. ಅದು ಪಂಪಣ್ಣನ ಕಂಕುಳಲ್ಲಿತ್ತು. "ನಿಮ್ಮ ಕಣ್ಣು ಇದರ ಮ್ಯಾಲೆ ಬಿದ್ದದ್ದು ನಾನೂ ನೋಡೀನ್ರಿ" ಅಂದರು, ಬೇಸರವಿಲ್ಲದೆ.

"ಆ ಒಂದು ಹಾಳೆ ಕೊಡ್ರಿ. ಅಕ್ಕನ ಜೀವನದ ಪ್ರಶ್ನೆ. ನೀವು ಅವ್ಳ ಕೈ ರೊಟ್ಟಿ ಉಂಡೀರಿ."

"ಉಂಡೀನಿ. ಚಲೋ ಮಾಡ್ತಾಳ. ಎಷ್ಟು ಕೊಡ್ತೀರಿ?"

ತಮಾಷೆ ಎಂದುಕೊಂಡೆ. ಮುಖ ನೋಡಿದರೆ ತಮಾಷೆಯಾಗಿರಲಿಲ್ಲ. ಅಕ್ಕನ ಬೆಂಡೋಲೆ ಕೊಡುತ್ತೇನೆ ಎಂದೆ. ಅವಳ ಹತ್ತಿರ ಉಳಿದಿದ್ದ ಬಂಗಾರ ಅದೊಂದೇ. ಅವರು ನನ್ನ ಮುಖವನ್ನು ಶೇಂಗಾ ಚೀಲದ ಮುಂದೆ ನಿಂತ ರೈತನ ಮುಖ ನೋಡುವಂತೆ ನೋಡಿ, "ನಾಳೆ ಹೇಳ್ತೀನಿ" ಎಂದರು. ಮರುದಿನ ಬೆಂಡೋಲೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದೆ. ಪುಸ್ತಕದಲ್ಲಿ ಆ ಅರ್ಧ ಹಾಳೆ ಇರಲಿಲ್ಲ. "ಲಾಟೀನು ಬಿದ್ದು ಸುಟ್ಟು ಹೋತ್ರಿ" ಅಂದರು. ಪುಸ್ತಕದ ಉಳಿದ ಯಾವ ಹಾಳೆಗೂ ಮಸಿ ಹತ್ತಿರಲಿಲ್ಲ. ಅವತ್ತೇ ಕೆಲಸ ಬಿಟ್ಟೆ.

ಕೇಸು ಹಾಕಿದೆವು. ರೇವಣ್ಣ ಕೋರ್ಟಿನಲ್ಲಿ ರೇಷನ್ ಕಾರ್ಡು ತೋರಿಸಿ, ನನ್ನ ಹೆಂಡತಿ ಇವತ್ತಿಗೂ ನನ್ನ ಕಾರ್ಡಿನಲ್ಲಿದ್ದಾಳೆ, ಬಂದರೆ ಇಟ್ಟುಕೊಳ್ಳುತ್ತೇನೆ ಎಂದ. ಮನೆಯಲ್ಲಿರುವವಳು ತಾಯಿಯ ಆರೈಕೆಗೆ ಬಂದ ಸಂಬಂಧಿ ಎಂದ. ನಾನು ಕಣ್ಣಾರೆ ಕಂಡದ್ದನ್ನು ಹೇಳಿದರೆ, ಸ್ವಂತ ತಂಗಿ ಇನ್ನೇನು ಹೇಳುತ್ತಾಳೆ ಎಂದು ಅವನ ವಕೀಲ ನಕ್ಕ. ಸೋತೆವು. ಅಕ್ಕ ಹುಬ್ಬಳ್ಳಿಯ ಒಂದು ಹಾಸ್ಟೆಲಿಗೆ ಅಡುಗೆಗೆ ಸೇರಿದಳು. ನೂರಾರು ಹುಡುಗಿಯರಿಗೆ ರೊಟ್ಟಿ ತಟ್ಟಿ, ಐದು ವರ್ಷಕ್ಕೆ ಕಾಮಾಲೆಯಾಗಿ ಅಲ್ಲೇ ಸತ್ತಳು. ಹರಿಹರಕ್ಕೆ ನಾವು ತಿಳಿಸಲಿಲ್ಲ.

ಅವಳು ಹೋದ ಮರುವರ್ಷ ಪಂಪಣ್ಣ ಹೇಳಿಕಳಿಸಿದರು. ನಾನಾಗ ನಿಜವಾಗಿಯೂ ಟೀಚರಾಗಿದ್ದೆ. ತೊಟ್ಟಿಲುಗಳನ್ನು ಮಾರಿ ಅವರು ನಿಜಲಿಂಗಪ್ಪ ಬಡಾವಣೆಯಲ್ಲಿ ಮಗನ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ಹೋಗಬಾರದು ಎಂದುಕೊಂಡೇ ಹೋದೆ. ಅವರು ಸಾಯುವುದನ್ನು ನೋಡುವ ಆಸೆಯೂ ಇತ್ತು. ಎರಡೂ ಕಣ್ಣಿನಲ್ಲಿ ಪೊರೆ ಬಂದು ಅವರಿಗೆ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ.

"ಟೀಚರಮ್ಮ, ಕೂಡ್ರಿ. ಒಂದು ಕಾರ್ಡ್ ಬರೀಬೇಕಿತ್ತು. ಮನ್ಯಾಗಿನೋರ ಕೈಲಿ ಬರ್ಸೋ ಹಂಗಿಲ್ಲ" ಎಂದು ದಿಂಬಿನಡಿಯಿಂದ ಅಂಚೆಕಾರ್ಡು ತೆಗೆದು ಕೊಟ್ಟರು. ನಾನು ಪೆನ್ನು ತೆಗೆದೆ. "ಹರಿಹರದ ರೇವಣ್ಣಗೆ ಪಂಪಣ್ಣನ ನಮಸ್ಕಾರ. ಈ ವರ್ಷದ ಪಾಸು ಇನ್ನೂ ರಿನೀವಲ್ ಆಗಿಲ್ಲ. ನೂರು ರೂಪಾಯಿ ಕೂಡ್ಲೇ ಕಳ್ಸಬೇಕು."

ಏನೆಂದು ಅರ್ಥವಾಗಲು ನನಗೆ ಹೊತ್ತು ಹಿಡಿಯಲಿಲ್ಲ. "ಆ ಹಾಳೆ ಸುಟ್ಟು ಹೋತು ಅಂದಿದ್ರಿ" ಎಂದೆ.

"ಅಂಥದ್ದನ್ನ ಯಾರು ಸುಡ್ತಾರ್ರಿ?" ಅವರ ದನಿಯಲ್ಲಿ ಅಳುಕಿರಲಿಲ್ಲ, ಪಾಠ ಹೇಳುವವರ ದನಿ ಅದು. "ನೀವು ಬೆಂಡೋಲಿ ಕೊಡ್ತಿದ್ರಿ, ಖರೆ. ಆದ್ರ ನೀವು ಒಂದ್ಸಲದ ಗಿರಾಕಿ. ಹಾಳಿ ತಗಂಡು ಹೋದ್ರ ಮತ್ತ ಯಾಕ ಬರ್ತಿದ್ರಿ? ಅವ್ನಿಗೆ ಹೆಂಡ್ತಿ ಬದುಕಿರೋತನ ಅಂಜಿಕಿ. ವರ್ಷಾ ಬರ್ತಾನ, ನೂರು ಕೊಡ್ತಾನ."

"ಅಕ್ಕ ಸತ್ತು ವರ್ಷಾಯ್ತು."

ಪಂಪಣ್ಣ ಕಣ್ಣು ಒರೆಸಿಕೊಂಡರು, ಅದು ಪೊರೆಯ ನೀರೂ ಇರಬಹುದು. "ಚಲೋ ರೊಟ್ಟಿ ಮಾಡ್ತಿದ್ಲು" ಎಂದರು. ಆಮೇಲೆ, "ರೇವಣ್ಣಗ ಗೊತ್ತೇನು?"

"ಇಲ್ಲ."

"ಹಂಗಾರ ಬರೀರಿ."

ಕಾರ್ಡು ಹರಿದು ಅವರ ಮುಖಕ್ಕೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಅವರು ಹೇಳಿದಂತೆಯೇ ಬರೆದೆ, ನೂರರ ಜಾಗದಲ್ಲಿ ಮಾತ್ರ ಐನೂರು ಎಂದು ಬರೆದೆ. ಗಟ್ಟಿಯಾಗಿ ಓದಿ ತೋರಿಸುವಾಗ ನೂರು ಎಂದು ಓದಿದೆ. ದಾರಿಯಲ್ಲಿ ಅಂಚೆ ಡಬ್ಬಿಗೆ ಹಾಕಿ ಮನೆಗೆ ಬಂದೆ.

ಎರಡು ತಿಂಗಳ ಮೇಲೆ ಪಂಪಣ್ಣ ಹೋದರೆಂದು ಕೇಳಿ ನೋಡಲು ಹೋದಾಗ ಅವರ ಸೊಸೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು. ಹರಿಹರದಿಂದ ಯಾರೋ ಐನೂರು ರೂಪಾಯಿ ಮನಿಯಾರ್ಡರು ಮಾಡಿದ್ದರಂತೆ, ಒಂದು ಮಾತೂ ಕೇಳದೆ. ಅವತ್ತಿನಿಂದ ಮಾವನವರು ಸರಿಯಾಗಿ ಉಣ್ಣಲಿಲ್ಲವಂತೆ. ಇಷ್ಟು ವರ್ಷ ನಾನು ಕಮ್ಮಿ ರೇಟು ಹಾಕಿದೆ, ಕಮ್ಮಿ ರೇಟು ಹಾಕಿದೆ ಎಂದು ಕೊರಗಿ ಕೊರಗಿ ಸತ್ತರಂತೆ.

ನನಗೆ ಸಮಾಧಾನವಾಯಿತು.